ಐದು ಹೊತ್ತಿನ ಹಾಲು

ಚಂದ್ರಿಯ ಹಿಂದಿನ ಎಡ ಮೊಲೆ ಬತ್ತಿದ್ದು ನನ್ನಿಂದ. ಶಾಂತಕ್ಕನ ಕೈಯಿಂದಲ್ಲ.

ಈ ಎರಡು ಸಾಲು ಬರೆಯಲು ನನಗೆ ಎರಡು ವರ್ಷ ಹಿಡಿಯಿತು. ಬರೆಯುವ ರೂಢಿ ಇಲ್ಲದ್ದಕ್ಕಲ್ಲ — ನಾನು ದಿನವೂ ಬರೆಯುವವಳು. ತಾರೀಖು ಹಾಕದೆ ಒಂದು ದಿನವನ್ನೂ ಬಿಟ್ಟವಳಲ್ಲ. ಅದಕ್ಕಾಗಿಯೇ ನನ್ನ ಮಾತನ್ನು ಎಲ್ಲರೂ ನಂಬಿದರು. ಅದಕ್ಕಾಗಿಯೇ ಇದು ಇಷ್ಟು ದೂರ ಬಂತು.

ಚಂದ್ರಿ ನಮ್ಮ ಮನೆಯ ದೇವಣಿ ಆಕಳು. ಬಿಳಿ ಮೈ, ಹೊಟ್ಟೆಯ ಕೆಳಗೆ ಕಪ್ಪು ಮಚ್ಚೆ, ಉದ್ದನೆಯ ಜೋಲು ಕಿವಿ. ಶಾಂತಕ್ಕ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಊರು ಮರಾಠಿ ಸೀಮೆಯ ಗಡಿಯೊಳಗೆ, ಔರಾದ ಶಹಾಜನಿಯಿಂದ ವಲಾಂಡಿಗೆ ಹೋಗುವ ದಾರಿಯ ಮೇಲಿದೆ. ಶಾಂತಕ್ಕ ಉಮರ್ಗಾ ತಾಲೂಕಿನ ಯೆಣೆಗೂರದವಳು, ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ನಾನು ಭಾಲ್ಕಿ ಕಡೆಯವಳು, ಹನ್ನೆರಡನೆಯವರೆಗೆ ಕನ್ನಡದಲ್ಲಿ ಓದಿದವಳು. ಈ ಓದಿನ ವಿಷಯವನ್ನು ಮೊದಲೇ ಹೇಳಲು ಕಾರಣವಿದೆ — ನನ್ನ ಸೊಕ್ಕು ಅಲ್ಲಿಂದಲೇ ಶುರುವಾದದ್ದು.

ಮದುವೆಯಾಗಿ ಬಂದ ಮೊದಲ ವರ್ಷವೇ ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ಒಂದು ವಹಿ ತೂಗುಹಾಕಿದೆ. ಬೆಳಗಿನ ಹಾಲು ಎಷ್ಟು, ಸಂಜೆಯದು ಎಷ್ಟು, ಮೇವಿನ ಕಣಿಕೆ ಎಷ್ಟು ಸೂಡು, ಸಗಣಿ ಗಟ್ಟಿಯೋ ತೆಳುವೋ, ಬೆದೆಗೆ ಬಂದದ್ದು ಯಾವ ದಿನ, ಜಂತಿನ ಔಷಧ ಹಾಕಿದ್ದು ಯಾವ ದಿನ — ಎಲ್ಲ. ನಿಲಂಗಾದಿಂದ ದನದ ಡಾಕ್ಟರ್ ಮೇಡಂ ನಮ್ಮೂರಿಗೆ ಬಂದು ಹೆಂಗಸರನ್ನು ಕೂಡಿಸಿ ಪಾಠ ಹೇಳುತ್ತಿದ್ದರು. ಹಿಂಡುವ ಮೊದಲ ಎರಡು ಧಾರೆ ಪಾತ್ರೆಗೆ ಬೀಳಬಾರದು, ಕಪ್ಪನೆಯದರ ಮೇಲೆ ಬೀಳಬೇಕು ಎಂದು ಅವರೇ ಕಲಿಸಿದ್ದು. ಹಾಲು ಹಾಲಿನ ಹಾಗೆ ಜಾರಿ ಹೋದರೆ ಕೆಚ್ಚಲು ಸರಿ. ಮೊಸರು ಒಡೆದ ಹಾಗೆ ಬಿಳಿ ಚೂರು ನಿಂತರೆ ಕೆಚ್ಚಲು ಬಾವು ಶುರುವಾಗಿದೆ. "ಅದೇ ದಿನ ಹೇಳಿ ಕಳಿಸಿ, ನಾಳೆ ಅನ್ನಬೇಡಿ," ಎನ್ನುತ್ತಿದ್ದರು. ಹಿಂಡಿದ ಮೇಲೆ ಮುಂದೆ ಮೇವು ಹಾಕಿ, ಅರ್ಧ ತಾಸು ಆಕಳು ನಿಂತೇ ಇರಲಿ, ಮೊಲೆಯ ಬಾಯಿ ಮುಚ್ಚುವ ಮೊದಲು ಮಲಗಿದರೆ ನೆಲದ ಹೊಲಸು ಒಳಗೆ ಹೋಗುತ್ತದೆ — ಇದನ್ನೂ ಕಲಿಸಿದರು. ನಾನು ಎಲ್ಲ ಬರೆದುಕೊಂಡೆ. ಶಾಂತಕ್ಕನ ಮಗಳು ಬಿಟ್ಟುಹೋದ ಶಾಲೆಯ ಹಳೆಯ ಪಾಟಿಯೊಂದು, ಕಪ್ಪು ಸ್ಲೇಟು, ಅಟ್ಟದ ಮೇಲಿತ್ತು. ಅದನ್ನು ತೊಳೆದು ಕೊಟ್ಟಿಗೆಗೆ ತಂದೆ. ದಿನವೂ ಆ ಪಾಟಿಯ ಮೇಲೆ ನಾಲ್ಕೂ ಮೊಲೆಯ ಧಾರೆ ಬಿಟ್ಟು ನೋಡಿ, ವಹಿಯಲ್ಲಿ "ನಾಲ್ಕೂ ಸರಿ" ಎಂದು ಬರೆದು, ಪಾಟಿ ಒರೆಸಿ ಇಡುವುದು ನನ್ನ ಕೆಲಸ.

ಹಿಂಡುವುದು ಮಾತ್ರ ಶಾಂತಕ್ಕನ ಕೆಲಸ. ಯಾಕೆಂದರೆ ಚಂದ್ರಿ ನನಗೆ ಹಾಲು ಬಿಡುತ್ತಿರಲಿಲ್ಲ.

ಎಷ್ಟು ಸಲ ಕೂತು ನೋಡಿದೆ! ಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದೆ, ಉಗುರು ಕತ್ತರಿಸಿಕೊಂಡೆ, ಬಳೆ ಮೇಲೆ ಸರಿಸಿದೆ, ಮೇಡಂ ಹೇಳಿದ ಹಾಗೆ ಮುಷ್ಟಿ ಹಿಡಿದೆ. ಅದು ಕಾಲು ಎತ್ತುತ್ತಿತ್ತು, ಹಾಲು ಮೇಲೆ ಏರಿಸಿಕೊಂಡುಬಿಡುತ್ತಿತ್ತು. ಶಾಂತಕ್ಕ ಬಂದು ಹಣೆಯನ್ನು ಅದರ ಪಕ್ಕೆಗೆ ಆನಿಸಿ, "ಬಾರವಾ ನಮ್ಮವ್ವ, ಯಾಕ ಮುನಿಸು" ಎಂದು ಏನೋ ಗೊಣಗಿದರೆ ಸಾಕು, ಬಕೀಟಿನಲ್ಲಿ ನೊರೆ ಏಳುತ್ತಿತ್ತು. ಆಕೆ ಪಾಟಿ ನೋಡುತ್ತಿರಲಿಲ್ಲ. ಅಂಗೈಯಿಂದ ಕೆಚ್ಚಲು ಮುಟ್ಟಿ, ಬಿಸಿ ಇದೆಯೋ ಗಟ್ಟಿ ಇದೆಯೋ ಹೇಳುತ್ತಿದ್ದಳು. ಅದು ಎಂದೂ ತಪ್ಪಿದ್ದಿಲ್ಲ.

ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು: "ಶಾಂತಾನ ಕೈಯಾಗ ಹಾಲು ಅದ ನೋಡ್ರಿ. ಸಣ್ಣಾಕಿ ಕೈಯಾಗ ಪೆನ್ನು." ಎಲ್ಲರೂ ನಗುತ್ತಿದ್ದರು. ಹೊಲದ ದಾಖಲೆ ಬರೆಯುವ ಸರ್ಕಾರಿ ನೌಕರನಿಗೆ ನಮ್ಮ ಕಡೆ ತಲಾಠಿ ಎನ್ನುತ್ತಾರೆ. ನನ್ನ ಗಂಡನಿಗೆ ಅದೇ ಸಿಕ್ಕಿತು. "ತಲಾಠಿಬಾಯಿ ಬಂದಳು, ಸರೀರಿ ಎಲ್ಲಾರು! ಆಕಳಾ ಹೆಸರಿಗಿ ಎಷ್ಟು ಎಕರೆ ಬರದಿ ಇವತ್ತ?" ಎಂದು ಕಾಡುತ್ತಿದ್ದರು. ಶಾಂತಕ್ಕ ಮಾತ್ರ ನಗುತ್ತಿರಲಿಲ್ಲ. "ಸುಮ್ನಿರಪಾ ಮೈದುನಾ. ಆಕಿ ಬರೀಲಿಲ್ಲಂದ್ರ ಹ್ವಾದ ತಿಂಗಳದ್ದು ಯಾರಿಗಿ ನೆನಪಿರತದ," ಎನ್ನುತ್ತಿದ್ದಳು.

ಆಕೆ ನನ್ನ ಪರವಾಗಿ ಆಡಿದ ಆ ಮಾತೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಯಾಕೆ ಎಂದು — ಈಗಲೂ ಪೂರ್ತಿ ಗೊತ್ತಿಲ್ಲ.

ವಹಿಯ ಕೊನೆಯ ಪುಟದಲ್ಲಿ ಯಾರಿಗೂ ತಿಳಿಯದ ಇನ್ನೊಂದು ಲೆಕ್ಕವಿತ್ತು. ಎಡಕ್ಕೆ "ಶಾಂ", ಬಲಕ್ಕೆ "ಸ". ಮನೆಯಲ್ಲಿ ಯಾರಾದರೂ ಆಕೆಯನ್ನು ಹೊಗಳಿದರೆ ಎಡಕ್ಕೆ ಒಂದು ಗೆರೆ, ನನ್ನನ್ನು — ಸವಿತಾಳನ್ನು — ಹೊಗಳಿದರೆ ಬಲಕ್ಕೆ ಒಂದು. ನಾಲ್ಕು ಗೆರೆಯಾದ ಮೇಲೆ ಅಡ್ಡ ಒಂದು ಎಳೆದು ಕಟ್ಟು ಕಟ್ಟುತ್ತಿದ್ದೆ. ಎಡಗಡೆ ಪುಟ ತುಂಬಿತು. ಬಲಗಡೆ ಎರಡು ಕಟ್ಟು, ಮೇಲೆ ಮೂರು ಗೆರೆ. ಆ ಹದಿಮೂರರಲ್ಲಿ ಒಂಬತ್ತು ಶಾಂತಕ್ಕನೇ ಆಡಿದ ಮಾತುಗಳು. ಅದನ್ನೂ ಎಣಿಸಿಟ್ಟಿದ್ದೆ.

ಚಂದ್ರಿ ಕರು ಹಾಕಿ ಎರಡು ತಿಂಗಳಾಗಿತ್ತು. ಯೆಣೆಗೂರದಲ್ಲಿ ಶಾಂತಕ್ಕನ ತಮ್ಮನ ಹೆಂಡತಿಯ ಹೆರಿಗೆಯಾಯಿತು. ಐದು ದಿನದ ಮಟ್ಟಿಗೆ ಆಕೆ ಹೋಗಬೇಕಾಯಿತು. ಹೋಗುವ ಸೋಮವಾರ ಬೆಳಿಗ್ಗೆ ಹಿಂಡಿ ಎದ್ದವಳೇ, ಉಟ್ಟಿದ್ದ ಹಸಿರು ಸೀರೆಯನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟಳು.

"ಒಗೀಬ್ಯಾಡ ತಂಗಿ. ಹಿಂಡೂ ಹೊತ್ತಿಗಿ ಇದೇ ಸುತ್ತಿಕೊಂಡು ಕೂಡು. ವಾಸನಿಗಿ ಬಿಡ್ತಾಳ."

ನಮ್ಮ ಕಡೆ ಹೀಗೆ ಮಾಡುವುದುಂಟು. ಹಿಂಡುವಾಕೆ ಊರಿಗೆ ಹೋದರೆ ಆಕೆಯ ಸೀರೆ ಕೊಟ್ಟಿಗೆಯಲ್ಲಿ ಉಳಿಯುತ್ತದೆ. ಆ ಸಂಜೆ ಬೆವರು, ಸಗಣಿ, ಹಾಲು ಎಲ್ಲ ಕೂಡಿದ ಆ ಸೀರೆಯನ್ನು ನನ್ನ ಸೀರೆಯ ಮೇಲೆ ಸುತ್ತಿಕೊಂಡು ಕೂತೆ. ಚಂದ್ರಿ ಮೂಸಿತು. ಕಿವಿ ಇಳಿಬಿಟ್ಟಿತು. ಹಾಲು ಬಿಟ್ಟಿತು — ಎರಡೂವರೆ ಲೀಟರು. ಮೊದಲನೆಯ ಸಲ ನನ್ನ ಮುಷ್ಟಿಯಲ್ಲಿ ನೊರೆ ಎದ್ದಿತು, ನಾನು ಅಳುತ್ತಿದ್ದೆ. ಆನಂದಕ್ಕಲ್ಲ. ಐದು ವರ್ಷ ಅದರ ಸಗಣಿ ಬಾಚಿದವಳು ನಾನು, ಜ್ವರ ಬಂದರೆ ಥರ್ಮಾಮೀಟರ್ ಹಿಡಿದವಳು ನಾನು. ಆದರೆ ಅದು ಹಾಲು ಕೊಟ್ಟದ್ದು ನನಗಲ್ಲ, ಒಂದು ಸೀರೆಗೆ.

ಬುಧವಾರ ಸಂಜೆ ಪಾಟಿಯ ಮೇಲೆ ಬಿಳಿ ಚೂರು ಬಂತು. ಹಿಂದಿನ ಎಡ ಮೊಲೆ. ಹೆಸರುಬೇಳೆಯಷ್ಟೂ ಇಲ್ಲ. ಹಾಲು ಜಾರಿಹೋಯಿತು, ಚೂರು ನಿಂತಿತು.

ಅದು ಏನು ಎಂದು ನನಗೆ ಗೊತ್ತಿತ್ತು. ಆ ಮೊಲೆಯನ್ನು ಕೊನೆಗೆ, ಬೇರೆ ಪಾತ್ರೆಗೆ, ಪೂರ್ತಿ ಹಿಂಡಬೇಕು, ಕೈ ತೊಳೆಯಬೇಕು, ಮೇಡಂಗೆ ಫೋನು ಮಾಡಬೇಕು. ಅವರ ನಂಬರು ವಹಿಯ ಮೊದಲ ಪುಟದಲ್ಲೇ ಇತ್ತು. ಫೋನು ನನ್ನ ಸೊಂಟದಲ್ಲೇ ಇತ್ತು.

ಆಗ ನನ್ನ ತಲೆಗೆ ಬಂದದ್ದನ್ನು ಬಂದ ಹಾಗೆಯೇ ಬರೆಯುತ್ತೇನೆ. ಮೊದಲು ಬಂದದ್ದು ಅಂಜಿಕೆ — ಶಾಂತಾ ಹೋಗಿ ಮೂರು ದಿನ ಆಗಲಿಲ್ಲ, ಸಣ್ಣಾಕೆ ಕೆಚ್ಚಲು ಕೆಡಿಸಿದಳು ಎನ್ನುತ್ತಾರೆ. ಅಷ್ಟೇ ಆಗಿದ್ದರೆ... ಆದರೆ ಅಷ್ಟೇ ಅಲ್ಲ. ಅದರ ಹಿಂದೆಯೇ ಇನ್ನೊಂದು ಬಂತು: ಶುಕ್ರವಾರ ಆಕೆ ಬರುತ್ತಾಳೆ. ಶನಿವಾರ ಆಕೆಯೇ ಹಿಂಡುತ್ತಾಳೆ. ಆಗ ತೋರಿದರೆ, ಅದು ಆಕೆಯ ಕೈಯಲ್ಲಿ ತೋರಿದ ಹಾಗೆ. ಈ ಯೋಚನೆಯಲ್ಲಿ ಒಂದು ಸವಿ ಇತ್ತು. ಅಂಜಿಕೆಯಿಂದ ಮಾಡಿದೆ ಎಂದು ಬರೆದು ಮುಗಿಸಬಹುದಿತ್ತು — ಆದರೆ ಆ ಸವಿ ನನ್ನ ನಾಲಗೆಗೆ ಇನ್ನೂ ನೆನಪಿದೆ.

ಪಾಟಿ ಒರೆಸಿದೆ. "ನಾಲ್ಕೂ ಸರಿ" ಎಂದು ಬರೆದೆ.

ಗುರುವಾರ ಬೆಳಿಗ್ಗೆ ಚೂರು ಎರಡು. ಬರೆದದ್ದು "ನಾಲ್ಕೂ ಸರಿ". ಗುರುವಾರ ಸಂಜೆ ಆ ಮೊಲೆ ಮುಟ್ಟಿದರೆ ಚಂದ್ರಿ ಕಾಲು ಎತ್ತಿತು, ಅರ್ಧಕ್ಕೇ ಬಿಟ್ಟು ಎದ್ದೆ. ಬಾವು ಬಂದ ಮೊಲೆಯಲ್ಲಿ ಹಾಲು ನಿಲ್ಲಿಸುವುದಕ್ಕಿಂತ ಕೆಟ್ಟದ್ದಿಲ್ಲ ಎಂದು ನನ್ನದೇ ಅಕ್ಷರದಲ್ಲಿ, ಅದೇ ವಹಿಯಲ್ಲಿ, ಬರೆದಿತ್ತು. ಶುಕ್ರವಾರ ಎರಡು ಹೊತ್ತೂ ಹಾಗೆಯೇ. ಒಟ್ಟು ಐದು ಹೊತ್ತು. ಐದು ಸಾಲು. ಐದೂ ಸುಳ್ಳು.

ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಶಾಂತಕ್ಕ ಬಸ್ಸಿನಿಂದ ಇಳಿದು ಬಂದಳು. ನನಗಾಗಿ ಶೇಂಗಾ ಹೋಳಿಗೆ ಕಟ್ಟಿಸಿಕೊಂಡು ಬಂದಿದ್ದಳು. ನೀರು ಕೂಡ ಕುಡಿಯದೆ ಕೇಳಿದಳು, "ಚಂದ್ರಿ ಹೆಂಗದಾಳ?"

"ಎಲ್ಲಾ ಸರಿ ಅದ ಅಕ್ಕಾ."

ಇಷ್ಟೇ ಮಾತು. ಆಗಲೂ ಹೇಳಬಹುದಿತ್ತು. ಹೋಳಿಗೆ ತಿಂದೆ.

ಮರುದಿನ ಬೆಳಿಗ್ಗೆ ಕೊಟ್ಟಿಗೆಯಿಂದ ಆಕೆಯ ಕೂಗು ಬಂತು. "ಸವೀ! ಬಾ ಇಲ್ಲಿ. ಎಡದಾಗ ಬೆಂಕಿ ಸುಟ್ಟಂಗ ಸುಡಲತ್ತದ. ನಿನ್ನಿ ಹೆಂಗಿತ್ತು?"

"ನಿನ್ನಿ ಸರಿ ಇತ್ತು. ಪಾಟಿ ಮ್ಯಾಲ ನೋಡೀನಿ. ವಹಿಯಾಗ ಬರದೀನಿ."

ಆಕೆ ನನ್ನ ಮುಖ ನೋಡಲಿಲ್ಲ, ವಹಿಯನ್ನೂ ನೋಡಲಿಲ್ಲ. ನಂಬಿದಳು. ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು.

ಮೇಡಂ ಮಧ್ಯಾಹ್ನ ಬಂದರು. ಅವರಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಮರಾಠಿಯಲ್ಲಿ "ಕಧೀಪಾಸೂನ?" ಎಂದರು — ಯಾವಾಗಿನಿಂದ? ನಾನು ವಹಿ ಬಿಚ್ಚಿ ಒಂದೊಂದೇ ಸಾಲು ಮರಾಠಿಗೆ ತಿರುಗಿಸಿ ಓದಿದೆ: ಬುಧವಾರ ಸಂಜೆ, ನಾಲ್ಕೂ ಸರಿ. ಗುರುವಾರ ಬೆಳಿಗ್ಗೆ, ನಾಲ್ಕೂ ಸರಿ... ಮೇಡಂ ಹುಬ್ಬು ಗಂಟಿಕ್ಕಿ ಕೆಚ್ಚಲನ್ನು ಮತ್ತೆ ಒತ್ತಿ ನೋಡಿದರು. ಒಂದು ದಿನದ್ದು ಎಂದರೆ ಇಷ್ಟು ಗಟ್ಟಿ ಆಗುವುದು ಅಪರೂಪ ಎಂದರು. ಆಮೇಲೆ ಶಾಂತಕ್ಕನನ್ನು ಕೇಳಿದರು — ತವರಿನಲ್ಲಿ ಬೇರೆ ದನ ಮುಟ್ಟಿದ್ದೆಯಾ?

"ಮುಟ್ಟೀನಿರಿ. ತಮ್ಮನ ಎಮ್ಮಿ ದಿನಾ ನಾನೇ ಹಿಂಡೀನಿ." ಆಕೆಯೇ ಸೇರಿಸಿದಳು, "ಅದರ ಒಂದು ಮಲಿ ಕೆಟ್ಟಿತ್ತರಿ. ನಿನ್ನಿ ರಾತ್ರಿ ಬಂದಾಕಿನೇ ಕೈ ತೊಳೀಲಾರದೇ ಕತ್ತಲದಾಗ ಚಂದ್ರಿ ಕರುವಿಗಿ ಮಲಿ ಹಿಡಿಸೀನಿ."

ಕೇಳದ ಮಾತನ್ನೂ ಆಕೆ ಹೇಳಿದಳು. ಕೇಳಿದ ಮಾತನ್ನೂ ನಾನು ಹೇಳಲಿಲ್ಲ.

ಅಲ್ಲಿಗೆ ಎಲ್ಲರಿಗೂ ಕಾರಣ ಸಿಕ್ಕಿತು. ಮೇಡಂ ಯಾರನ್ನೂ ಬೈಯಲಿಲ್ಲ. ಹೀಗೂ ಹರಡುವುದುಂಟು, ಕೈ ಸೋಪು ಹಚ್ಚಿ ತೊಳೆಯಬೇಕು ಎಂದಷ್ಟೇ ಹೇಳಿದರು. ಐದು ದಿನ ಸೂಜಿ, ಮೊಲೆಗೆ ಔಷಧದ ಟ್ಯೂಬು. ಹಾಲು ಚೆಲ್ಲಿದೆವು. ಎಂಟನೆಯ ದಿನಕ್ಕೆ ಆ ಭಾಗ ಕಲ್ಲಾಯಿತು, ತಿಂಗಳಿಗೆ ಬತ್ತಿತು. ಕೊನೆಯ ಸಲ ನೋಡಿ ಹೋಗುವಾಗ ಮೇಡಂ ನನಗೊಬ್ಬಳಿಗೇ ಹೇಳಿದರು, "ಎರಡು ದಿನ ಮೊದಲು ತಿಳಿದಿದ್ದರೆ ಬಹುಶಃ ಉಳಿಯುತ್ತಿತ್ತು. ಆದರೆ ನೀನು ಏನು ಮಾಡುತ್ತಿ, ನೀನಂತೂ ದಿನಾ ನೋಡಿದ್ದಿ." ಆ ದಿನ ಬಲಗಡೆಗೆ ಒಂದು ಗೆರೆ ಎಳೆಯಬೇಕಿತ್ತು. ಕೈ ಬರಲಿಲ್ಲ.

ಅತ್ತೆ ಹಸಿರು ಸೀರೆಯನ್ನು ಬಚ್ಚಲ ಒಲೆಗೆ ಹಾಕಿದರು. ಬಕೀಟು ನನ್ನ ಕೈಗೆ ಕೊಟ್ಟರು. "ಇನ್ನ ಮ್ಯಾಲ ನೀನೇ ಹಿಂಡು. ಶಾಂತಾ, ನೀ ಕೊಟ್ಟಿಗ್ಯಾಗ ಬರಬ್ಯಾಡವಾ ಕೆಲವು ದಿನ."

ನಾನು ಬಯಸಿದ್ದು ನನಗೆ ಸಿಕ್ಕಿತು. ಬಕೀಟು, ಕೊಟ್ಟಿಗೆ, ಅತ್ತೆಯ ಬಾಯಲ್ಲಿ ನನ್ನ ಹೆಸರು — ಎಲ್ಲ. ಹಾಲು ಒಂದೇ ಸಿಗಲಿಲ್ಲ. ಸೀರೆ ಸುಟ್ಟುಹೋಗಿತ್ತು. ಎರಡೂವರೆ ಇದ್ದದ್ದು ಒಂದೂವರೆ ಆಯಿತು, ಒಂದಾಯಿತು. ನಾಚಿಕೆ ಬಿಟ್ಟು ಶಾಂತಕ್ಕನ ಹತ್ತಿರ ಹೋಗಿ, ನೀ ಉಟ್ಟ ಸೀರೆ ಇನ್ನೊಂದು ಕೊಡು ಎಂದೆ. ಆಕೆ ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ ತಂಗಿ. ನನ್ನ ಮೈ ವಾಸನೀನೂ ಬ್ಯಾಡ ಆಕೀಗಿ."

ಆ ಮಾತು ಕೇಳಿದ ದಿನವೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನಾಳೆ ಎಂದುಕೊಂಡೆ. ನಾಳೆ ಅನ್ನಬೇಡಿ ಎಂದು ಕಲಿತವಳು ನಾನು...

ಚಂದ್ರಿ ಬೇಗ ಹಾಲು ನಿಲ್ಲಿಸಿತು. ಮೂರು ಸಲ ಬೆದೆಗೆ ಬಂದರೂ ಗಬ್ಬ ನಿಲ್ಲಲಿಲ್ಲ. ನಾಲ್ಕನೆಯ ಸಲಕ್ಕೆ ನಿಂತಿತು. ಇಷ್ಟರಲ್ಲಿ ಎರಡು ವರ್ಷ ಕಳೆದವು. "ಕೆಲವು ದಿನ" ಎಂದಿದ್ದ ಅತ್ತೆಯ ಮಾತನ್ನು ಅತ್ತೆಯೇ ಮರೆತಿದ್ದರು, ಶಾಂತಕ್ಕ ಮರೆಯಲಿಲ್ಲ. ಮೇವಿನ ಸೂಡನ್ನು ಕೊಟ್ಟಿಗೆಯ ಹೊಸ್ತಿಲಿಗೆ ತಂದಿಟ್ಟು ಹೋಗುತ್ತಿದ್ದಳು. ಚಂದ್ರಿ ಆಕೆಯ ಹೆಜ್ಜೆ ಕೇಳಿ ಕೂಗಿದರೆ ಸರಸರ ಒಳಗೆ ನಡೆಯುತ್ತಿದ್ದಳು. ಒಂದು ಆಡಿನ ಮರಿ ಎತ್ತಿಕೊಳ್ಳಬೇಕಾದರೂ ಬೇವಿನ ಎಲೆ ಕುದಿಸಿದ ನೀರಿನಲ್ಲಿ ಕೈ ತೊಳೆಯುತ್ತಿದ್ದಳು, ಎರಡು ಸಲ, ಮೂರು ಸಲ. ಬೆರಳ ಸಂದಿಯೆಲ್ಲ ಸುಲಿದಿತ್ತು. ನಾನು ಅದನ್ನು ನೋಡಿದ್ದೇನೆ. ದಿನವೂ ನೋಡಿದ್ದೇನೆ. ವಹಿಯಲ್ಲಿ ಬರೆಯದೆ ಬಿಟ್ಟದ್ದು ಅದೊಂದೇ.

ಹೋದ ತಿಂಗಳು ಮೇಡಂ ಫೋನು ಮಾಡಿದರು. ಉದಗೀರಿನಲ್ಲಿ ದನ ಸಾಕುವ ಹೆಂಗಸರ ಶಿಬಿರವಿದೆ; ವಹಿ ಹೇಗೆ ಇಡಬೇಕು ಎಂದು ನೀನೇ ತೋರಿಸಬೇಕು, ಕೆಚ್ಚಲು ಬಾವಿನ ಪುಟ ಓದಬೇಕು ಎಂದರು. ಹಳೆಯ ವಹಿಗೆ ಸಗಣಿಯ ಕಲೆ ಇದ್ದವು. ಹೊಸದೊಂದಕ್ಕೆ ನಕಲು ಮಾಡಲು ಕೂತೆ. ಆ ಬುಧವಾರದವರೆಗೆ ಬಂದೆ. "ನಾಲ್ಕೂ" ಎಂದು ಬರೆದೆ. ಮುಂದಿನ ಶಬ್ದ ಬರೆಯಲು ಆಗಲಿಲ್ಲ. ಆ ಸುಳ್ಳನ್ನು ಒಮ್ಮೆ ಬರೆದಿದ್ದೆ. ಈಗ ಮುತ್ತಿನಂಥ ಅಕ್ಷರದಲ್ಲಿ ಎರಡನೆಯ ಸಲ ಬರೆಯಲು ಕೂತಿದ್ದೆ.

ಅದಾದ ನಾಲ್ಕನೆಯ ದಿನ, ಬೆಳಗಿನ ಬಿಸಿಲಿನಲ್ಲಿ, ಚಂದ್ರಿ ಹೆಣ್ಣುಗರು ಹಾಕಿತು. ಮೊದಲ ತಾಸಿನಲ್ಲೇ ಕರುವಿನ ಹೊಟ್ಟೆಗೆ ಗಿಣ್ಣದ ಹಾಲು ಹೋಗಬೇಕು. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಕರುವಿಗೆ ನಿಲ್ಲಲು ತ್ರಾಣವಿರಲಿಲ್ಲ, ಹಿಂಡಿ ಕುಡಿಸಬೇಕಿತ್ತು. ನಾನು ಕೂತರೆ ಚಂದ್ರಿ ಒದೆಯಿತು. ಮತ್ತೆ ಕೂತೆ, ಮತ್ತೆ ಒದೆಯಿತು. ಗಂಡಸರು ಹೊಲಕ್ಕೆ ಹೋಗಿದ್ದರು. ಶಾಂತಕ್ಕ ಹೊಸ್ತಿಲಾಚೆ ನಿಂತಿದ್ದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.

"ಅಕ್ಕಾ, ಒಳಗ ಬಾ."

"ನಾ ಬರಂಗಿಲ್ಲ. ಇದ್ದ ಮೂರೂ ಹೋಗ್ತಾವ."

"ಅದು ನಿನ್ನ ಕೈಲಿಂದ ಬಂದದ್ದಲ್ಲಕ್ಕಾ. ನೀ ಯೆಣೆಗೂರದಾಗ ಇದ್ದಾಗೇ ಬಂದಿತ್ತು. ಪಾಟಿ ಮ್ಯಾಲ ನಾ ನೋಡೀನಿ. ನೋಡಿ ಒರಸೀನಿ. ಬೇಕಂತೇ ಒರಸೀನಿ."

ಕರು ನೆಲದಲ್ಲಿ ಮೂಗು ಉಜ್ಜುತ್ತಿತ್ತು. ಶಾಂತಕ್ಕ ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದಳು. ಆಮೇಲೆ ಒಂದೇ ಕೇಳಿದಳು.

"ಎಷ್ಟು ಹೊತ್ತಿನ ಹಾಲು?"

"ಐದು."

ಆಕೆ ಸುಲಿದ ಬೆರಳನ್ನು ಮಡಚುತ್ತ ಎಣಿಸಿದಳು. ಬುಧವಾರ ಸಂಜೆ, ಗುರುವಾರ ಎರಡು, ಶುಕ್ರವಾರ ಎರಡು. ಮುಷ್ಟಿ ಮುಚ್ಚಿತು. "ಶುಕ್ರವಾರ ಸಂಜಿ ನಾ ಕೇಳಿದ್ದೆ," ಎಂದಳು. ಅಷ್ಟೇ. ಬೈಯಲಿಲ್ಲ — ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ, ಅದಕ್ಕೂ ಎಡೆ ಕೊಡಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದಳು. ಕೈ ತೊಳೆದಳು, ಒಂದೇ ಸಲ. ಹಣೆಯನ್ನು ಪಕ್ಕೆಗೆ ಆನಿಸಿದಳು. ಚಂದ್ರಿ ಎರಡು ವರ್ಷದ ಕೆಳಗೆ ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದಲೇ ಎನ್ನುವ ಹಾಗೆ ಮೂರು ಮೊಲೆಯಿಂದ ಹಾಲು ಬಿಟ್ಟಿತು. ಕರು ಕುಡಿದು ಎದ್ದು ನಿಂತ ಮೇಲೆ ಆಕೆ ನನ್ನ ಕಡೆ ತಿರುಗದೆ ಹೇಳಿದಳು:

"ವಹಿ ತಗಿ. ಅತ್ತಿ ಮುಂದ ಓದು."

ಓದಿದೆ. ಅಂಗಳದಲ್ಲಿ, ಅತ್ತೆ, ಗಂಡ, ಭಾವ ಎಲ್ಲರ ಮುಂದೆ, ಐದೂ ಸಾಲು ಓದಿ, ಒಂದೊಂದರ ಮುಂದೆ ನಿಜ ಏನಿತ್ತೆಂದು ಹೇಳಿದೆ. ಕೊನೆಯ ಪುಟದ ಗೆರೆಗಳನ್ನೂ ತೋರಿಸಿದೆ. ಗಂಡ ತಲಾಠಿಬಾಯಿ ಎನ್ನಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತವರು ಎದ್ದು ಹೋಗಿ ಶಾಂತಕ್ಕನ ಕೈ ಹಿಡಿದು ನೋಡಿದರು. "ಬರೆಯೋ ಕೈ ಸುಳ್ಳಾಡಂಗಿಲ್ಲಂತ ತಿಳಿದಿದ್ನವಾ," ಎಂದರು, ನನಗಲ್ಲ, ಆಕೆಗೆ.

ಮೇಡಂಗೂ ಫೋನಿನಲ್ಲಿ ಹೇಳಿದ್ದೇನೆ. ಅವರು ಎಲ್ಲ ಕೇಳಿ, ಆದರೂ ಬಾ, ಹಳೆಯ ವಹಿಯನ್ನೇ ತಾ ಎಂದರು. ನಾಡಿದ್ದು ಉದಗೀರಿಗೆ ಹೋಗುತ್ತೇನೆ. ಅಲ್ಲಿ ಓದಲೆಂದೇ ಇದನ್ನು ಬರೆದಿದ್ದು. ಮೊದಲು ನನ್ನ ಭಾಷೆಯಲ್ಲಿ ಬರೆದಿದ್ದೇನೆ, ಅಲ್ಲಿ ಮರಾಠಿಗೆ ತಿರುಗಿಸಿ ಹೇಳುತ್ತೇನೆ — ಈ ಸಲ ಇದ್ದದ್ದನ್ನು ಇದ್ದ ಹಾಗೆ. ವಹಿಯ ಆ ಐದು ಸಾಲನ್ನು ಗೀಚಿ ಹಾಕಿಲ್ಲ. ಓದಲು ಬರುವಷ್ಟು ತೆಳುವಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ ನಿಜ ಬರೆದು, ಅದಕ್ಕೆ ಇಂದಿನ ತಾರೀಖನ್ನೇ ಹಾಕಿದ್ದೇನೆ. ಬತ್ತಿದ ಮೊಲೆಗೆ ಇದರಿಂದ ಏನೂ ಆಗುವುದಿಲ್ಲ. ಆ ಬೆರಳ ಸಂದಿಗೂ.

ಈಗ ಶಾಂತಕ್ಕನೇ ಹಿಂಡುತ್ತಾಳೆ. ನನ್ನೊಡನೆ ಮಾತು ಕಡಿಮೆ. ಎರಡು ಹೊತ್ತೂ ಹಿಂಡುವ ಮೊದಲು, ಎಂದೂ ಪಾಟಿ ಮುಟ್ಟದವಳು, ತಾನೇ ಪಾಟಿ ಎತ್ತಿ ಮೂರೂ ಧಾರೆ ಬಿಡುತ್ತಾಳೆ. ನನ್ನ ಮುಖದ ಮುಂದೆ ಹಿಡಿಯುತ್ತಾಳೆ. "ನೋಡು," ಎನ್ನುತ್ತಾಳೆ. "ಬರಿ." ನಾನು ನೋಡಿ ಬರೆಯುತ್ತೇನೆ. ಬರೆದು ಮುಗಿಯುವವರೆಗೂ ಆಕೆಯ ಕೈ ಕೆಳಗಿಳಿಯುವುದಿಲ್ಲ. ಆಮೇಲೆ ಪಾಟಿಯನ್ನು ಆಕೆಯೇ ಒರೆಸುತ್ತಾಳೆ.